ಅಪ್ಪನ ಕಡೆಯೋ, ಮಗನ ಕಡೆಯೋ?

ಮಂಡ್ಯದ ಕಡೆಯ ಒಂದು ಸಂಸಾರ ಕೌನ್ಸೆಲಿಂಗ್‌ಗೆ ಮೈಸೂರಿಗೆ ಬಂದಿದೆ ಎಂದುಕೊಳ್ಳಿ. ಮಗ ಪಿಯುಸಿಯಲ್ಲಿ ಫೇಲು, ಮನೆಯಲ್ಲಿ ಮಾತಿಲ್ಲ. ‘ಇವನಿಗೆ ಸ್ವಲ್ಪ ಬುದ್ಧಿ ಹೇಳಿ ಮೇಡಂ’ ಅಂತಾರೆ ಅಪ್ಪ. ಇನ್ನೂ ಕಲಿಯುತ್ತಿರುವ ಥೆರಪಿಸ್ಟ್ ಹುಡುಗನ ಕಡೆ ತಿರುಗಿ ‘ಯಾಕಪ್ಪಾ ಓದಲಿಲ್ಲ?’ ಎಂದರೆ ಕೆಲಸ ಕೆಟ್ಟಿತು. ಅಪ್ಪನಿಗೆ ಖುಷಿ. ಹುಡುಗನ ಲೆಕ್ಕದಲ್ಲಿ ಈಕೆಯೂ ಅಪ್ಪನ ಪಾರ್ಟಿ.

ಚಿಕಿತ್ಸೆಯ ನಂಟಿಗೆ, ಅಂದರೆ ಥೆರಪಿಸ್ಟ್ ಮತ್ತು ಬಂದವರ ನಡುವಿನ ಸಂಬಂಧಕ್ಕೆ, ಮೂರು ಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು: ಗುರಿಯ ಬಗ್ಗೆ ಒಪ್ಪಿಗೆ, ಮಾಡಬೇಕಾದ ಕೆಲಸದ ಬಗ್ಗೆ ಒಪ್ಪಿಗೆ, ಪರಸ್ಪರ ನಂಬಿಕೆ. 2018ರಲ್ಲಿ 295 ಅಧ್ಯಯನಗಳನ್ನು ಸೇರಿಸಿ ನೋಡಿದಾಗಲೂ ನಂಟು ಗಟ್ಟಿಯಿದ್ದಲ್ಲಿ ಗುಣ ಜಾಸ್ತಿ ಕಂಡಿತು. ಪರಿಣಾಮ ಭಾರೀ ದೊಡ್ಡದೇನಲ್ಲ. ಆದರೆ ಯಾವ ಪದ್ಧತಿಯ ಚಿಕಿತ್ಸೆಯಾದರೂ ಅದು ಕಾಣುತ್ತದೆ.

ಒಬ್ಬರೇ ಬಂದರೆ ಸರಿ. ಮೂವರು ಬಂದರೆ? ಅಪ್ಪನಿಗೆ ಮಗ ಓದಬೇಕು. ಮಗನಿಗೆ ಇಲ್ಲಿಂದ ಎದ್ದು ಹೋದರೆ ಸಾಕು. ಅಮ್ಮನನ್ನು ಯಾರೂ ಕೇಳಿಯೇ ಇಲ್ಲ. ಜೊತೆಗೆ, ಒಳಗೆ ಆಡಿದ ಮಾತು ಊರಿಗೆ ವಾಪಸ್ ಹೋಗುವ ಬಸ್ಸಿನಲ್ಲೇ ಬೈಗುಳವಾಗಬಹುದು. ಸಂಸಾರದ ಜೊತೆಗಿನ ಈ ನಂಟನ್ನು ಅಳೆಯಲು ಸಂಶೋಧಕರಾದ ಫ್ರೀಡ್‌ಲ್ಯಾಂಡರ್ ಮತ್ತು ಎಸ್ಕುಡೆರೊ ರೂಪಿಸಿದ ಅಳತೆಯಲ್ಲಿ ಸುರಕ್ಷತೆಗೆ ಬೇರೆಯೇ ಜಾಗವಿರುವುದು ಸುಮ್ನೆ ಅಲ್ಲ.

ಹಾಗಾಗಿ ಹೊಸ ಥೆರಪಿಸ್ಟ್‌ಗಳಿಗೆ ಮೊದಲು ಕಲಿಸಬೇಕಾದದ್ದು ಮನೆಯವರೊಳಗೆ ಒಬ್ಬರಾಗಿ ಸೇರಿಕೊಳ್ಳುವುದನ್ನು. ಕುಟುಂಬ ಚಿಕಿತ್ಸೆಯ ಹೆಸರಾಂತ ಥೆರಪಿಸ್ಟ್ ಸಾಲ್ವಡಾರ್ ಮಿನುಚಿನ್ ಇದಕ್ಕೆ ತುಂಬಾ ಒತ್ತು ಕೊಟ್ಟಿದ್ದರು. ಸಮಸ್ಯೆ ಆಮೇಲೆ. ‘ಈ ಸಲ ನಾಲೆಗೆ ನೀರು ಬಿಟ್ರಾ ಯಜಮಾನ್ರೇ?’ ಎಂದು ಶುರುವಾಗಲಿ. ಅಮ್ಮನಿಗೂ ಒಂದು ಮಾತು, ಹುಡುಗನಿಗೂ ಒಂದು. ‘ಊಟಕ್ಕೆ ಕೂತಾಗ ಜಗಳ ಆಗಬಾರದು’ ಎನ್ನುವಷ್ಟಕ್ಕೆ ಮೂವರೂ ತಲೆಯಾಡಿಸಿದರೆ, ಅದೇ ಮೊದಲ ಗುರಿ.

ತರಗತಿಯಲ್ಲಿ ಇದನ್ನು ಪಾತ್ರ ಹಾಕಿಕೊಂಡು ಆಡಿಸುತ್ತಾರೆ, ವಿಡಿಯೊ ಮಾಡುತ್ತಾರೆ. ನನ್ನನ್ನು ಕೇಳಿದರೆ, ಥೆರಪಿಸ್ಟ್ ಆಗಿ ಕೂತವರಿಗಿಂತ ಅಪ್ಪನ ಪಾತ್ರ ಮಾಡಿದವರೇ ಜಾಸ್ತಿ ಕಲಿಯುತ್ತಾರೆ. ಎಲ್ಲರೂ ತನ್ನ ಮೇಲೆ ಬಿದ್ದಾಗ ಹೇಗಿರುತ್ತದೆ ಅಂತ ಅವರಿಗೆ ಗೊತ್ತಾಗುತ್ತದೆ ಅಲ್ವಾ? ವಿಡಿಯೊವನ್ನು ಸದ್ದಿಲ್ಲದೆ ಹಾಕಿದರೆ ಇನ್ನೊಂದು ಲಾಭ. ಅಪ್ಪ ಬಾಯಿ ತೆರೆದ ಕೂಡಲೇ ಹುಡುಗ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿದ್ದು ಆಗ ಕಾಣುತ್ತದೆ.

ನಂಟು ಮುರಿದರೆ ಕೇಳಿಬಿಡಬೇಕು: ‘ನಾನು ಅಪ್ಪನ ಪರ ಮಾತಾಡಿದೆ ಅನ್ನಿಸ್ತಾ?’ ಅದೂ ಅಪ್ಪನ ಎದುರಿಗೇ. ಹುಡುಗ ‘ಹೂಂ’ ಎಂದ ತಕ್ಷಣ ಹೊಸಬರು ಸಮಜಾಯಿಷಿ ಕೊಡಲು ಹೊರಡುತ್ತಾರೆ. ಆ ಚಾಳಿ ಬಿಡಿಸುವುದು ಕಷ್ಟ.