ಯುಡೆವ್ ರೂಲ್ ಅಂದ್ರೇನು? ಮಾನಿಟರ್ ಚುಚ್ಚಿದ್ರೆ ಸ್ಕ್ರಿಪ್ಟ್ ತಾನಾಗೇ ಓಡೋದು ಹೇಗೆ

ಲಿನಕ್ಸ್ ಲ್ಯಾಪ್‌ಟಾಪ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದ ಕೂಡ್ಲೇ ಒಂದು ಸ್ಕ್ರಿಪ್ಟ್ ಓಡ್ಬೇಕು, ರೆಸಲ್ಯೂಷನ್ ಸೆಟ್ ಆಗ್ಬೇಕು, ಸೌಂಡ್ ಟಿವಿಗೆ ಹೋಗ್ಬೇಕು ಅಂತ ಹುಡುಕೋಕೆ ಹೋದ್ರೆ ಮೊದ್ಲು ಸಿಗೋ ಹೆಸ್ರು ಯುಡೆವ್ ರೂಲ್. ಯುಡೆವ್ ಅನ್ನೋದು ಹಿನ್ನೆಲೆಯಲ್ಲಿ ಸದಾ ಓಡ್ತಾ ಇರೋ ಒಂದು ಪ್ರೋಗ್ರಾಂ, 2003ರಲ್ಲಿ ಶುರುವಾಗಿದ್ದು, 2012ರಲ್ಲಿ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನ ಶುರು ಮಾಡಿ ನೋಡ್ಕೊಳ್ಳೋ ಪ್ರೋಗ್ರಾಂ) ಜೊತೆ ಸೇರ್ಕೊಂಡ್ತು. ಯಾವ ಡಿವೈಸ್ ಬಂತು, ಹೋಯ್ತು, ಬದಲಾಯ್ತು ಅಂತ ಕರ್ನಲ್ (ಹಾರ್ಡ್‌ವೇರ್ ನೋಡ್ಕೊಳ್ಳೋ ಲಿನಕ್ಸ್‌ನ ತಿರುಳು) ಹೇಳೋದನ್ನ ಕೇಳಿಸ್ಕೊಂಡು, ನಾವು ಬರೆದಿಟ್ಟ ರೂಲ್‌ಗೆ ಮ್ಯಾಚ್ ಆದ್ರೆ ಹೇಳಿದ ಕೆಲ್ಸ ಮಾಡತ್ತೆ, ಅಷ್ಟೇ.

ಎಚ್‌ಡಿಎಂಐ ಕನೆಕ್ಟರ್‌ನ 19ನೇ ಪಿನ್ ಇರೋದೇ ಕೇಬಲ್ ಹಾಕಿದ್ದು ತೆಗೆದಿದ್ದು ಗೊತ್ತಾಗೋಕೆ, ಹಾಟ್ ಪ್ಲಗ್ ಡಿಟೆಕ್ಟ್ ಅಂತಾರೆ. ಆ ಪಿನ್‌ನಲ್ಲಿ ವೋಲ್ಟೇಜ್ ಬಂದ್ರೆ ಗ್ರಾಫಿಕ್ಸ್ ಡ್ರೈವರ್‌ಗೆ ಗೊತ್ತಾಗತ್ತೆ, ಕರ್ನಲ್ ಒಂದು ಈವೆಂಟ್ ಕಳಿಸತ್ತೆ. ಬಹಳ ಜನ ಎಡವೋದು ಇಲ್ಲೇ ನೋಡಿ. ಪೆನ್‌ಡ್ರೈವ್ ಹಾಕಿದ್ರೆ ಬರೋದು ಆಡ್ ಈವೆಂಟ್, ಆದ್ರೆ ಮಾನಿಟರ್ ಹಾಕಿದ್ರೆ ಬರೋದು ಚೇಂಜ್, ಯಾಕಂದ್ರೆ ಯುಡೆವ್ ಕಣ್ಣಿಗೆ ಡಿವೈಸ್ ಅಂದ್ರೆ ಗ್ರಾಫಿಕ್ಸ್ ಕಾರ್ಡು, ಅದು ಬೂಟ್ ಆದಾಗಿಂದ ಅಲ್ಲೇ ಇದೆ. ಹಾಗಾಗಿ ರೂಲ್‌ನಲ್ಲಿ ಸಬ್‌ಸಿಸ್ಟಮ್ ಡಿಆರ್‌ಎಮ್ (ಕರ್ನಲ್‌ನ ಗ್ರಾಫಿಕ್ಸ್ ಭಾಗ), ಆಕ್ಷನ್ ಚೇಂಜ್ ಅಂತ ಬರೀಬೇಕು, ಎರಡಕ್ಕೂ ಡಬಲ್ ಈಕ್ವಲ್ ಹಾಕಿ, ಕೊನೇಲಿ ರನ್ ಅಂತ ಬರೆದು ಸ್ಕ್ರಿಪ್ಟ್‌ನ ಪೂರ್ತಿ ಪಾತ್ ಕೊಡ್ಬೇಕು. ಫೈಲ್ ಇಡೋದು ಈಟಿಸಿ ಒಳಗೆ ಯುಡೆವ್, ಅದ್ರೊಳಗೆ ರೂಲ್ಸ್ ಡಾಟ್ ಡಿ ಫೋಲ್ಡರ್‌ನಲ್ಲಿ, ಹೆಸ್ರು ಡಾಟ್ ರೂಲ್ಸ್ ಅಂತಲೇ ಮುಗೀಬೇಕು. ನಿಮ್ಮ ಮಷೀನ್‌ನಲ್ಲಿ ನಿಜವಾಗ್ಲೂ ಏನ್ ಬರ್ತಿದೆ ಅಂತ ನೋಡೋಕೆ ಯುಡೆವ್ಆಡ್ಮ್ ಮಾನಿಟರ್ (udevadm monitor) ಅನ್ನೋ ಕಮಾಂಡ್ ಓಡಿಸಿಟ್ಟು ಕೇಬಲ್ ಎಳೆದು ಹಾಕಿ.

ಈ ಈವೆಂಟ್ ಬಾಗಿಲು ಬಡಿದ ಸದ್ದು ಇದ್ದಂಗೆ, ಯಾರೋ ಬಂದ್ರೋ ಹೋದ್ರೋ ಅದು ಹೇಳಲ್ಲ. ಕೇಬಲ್ ಹಾಕಿದ್ರೂ ಚೇಂಜ್, ತೆಗೆದ್ರೂ ಚೇಂಜ್, ಕೆಲವು ಸಲ ಒಂದೇ ಕೇಬಲ್‌ಗೆ ಎರಡೆರಡು ಸಲ ಬರತ್ತೆ. ಅದಕ್ಕೆ ಎದ್ದು ಹೋಗಿ ನೋಡೋ ಕೆಲ್ಸ ಸ್ಕ್ರಿಪ್ಟ್‌ದೇ: ಸಿಸ್ ಫೋಲ್ಡರ್ ಒಳಗೆ ಕ್ಲಾಸ್, ಡಿಆರ್‌ಎಮ್ ಅಂತ ಹೋದ್ರೆ ಒಂದೊಂದು ಪೋರ್ಟ್‌ಗೂ ಒಂದು ಫೋಲ್ಡರ್ ಇರತ್ತೆ, ಅದ್ರಲ್ಲಿರೋ ಸ್ಟೇಟಸ್ ಫೈಲ್ ಓದಿದ್ರೆ ಕನೆಕ್ಟೆಡ್ ಅಥವಾ ಡಿಸ್‌ಕನೆಕ್ಟೆಡ್ ಅಂತ ಬರ್ದಿರತ್ತೆ. ಎರಡು ಸಲ ಓಡಿದ್ರೂ ಕೆಡದ ಹಾಗೆ ಸ್ಕ್ರಿಪ್ಟ್ ಬರೀಬೇಕು.

ಇನ್ನೊಂದು ತಲೆನೋವು ಅಂದ್ರೆ ಟರ್ಮಿನಲ್‌ನಲ್ಲಿ ಚೆನ್ನಾಗೇ ಓಡೋ ಸ್ಕ್ರಿಪ್ಟ್ ಯುಡೆವ್‌ನಿಂದ ಓಡಿದ್ರೆ ಸುಮ್ನೆ ಬಿದ್ದುಹೋಗತ್ತೆ. ಅದು ಓಡೋದು ರೂಟ್, ಅಂದ್ರೆ ಅಡ್ಮಿನ್ ಆಗಿ, ನಿಮ್ಮ ಲಾಗಿನ್ ಸೆಷನ್ ಅದಕ್ಕೆ ಗೊತ್ತೇ ಇಲ್ಲ, ಸ್ಕ್ರೀನ್ ಸೆಟ್ ಮಾಡೋ ಎಕ್ಸ್‌ರ್ಯಾಂಡ್ಆರ್ (xrandr) ಕಮಾಂಡ್ ಕರೆದ್ರೆ ಡಿಸ್‌ಪ್ಲೇ ಓಪನ್ ಆಗಲ್ಲ ಅನ್ನತ್ತೆ. ಯಾವ ಡಿಸ್‌ಪ್ಲೇ, ಅದರ ಅನುಮತಿ ಫೈಲ್ ಎಲ್ಲಿ ಅಂತ ಹೇಳೋ ಡಿಸ್‌ಪ್ಲೇ (DISPLAY) ಮತ್ತೆ ಎಕ್ಸ್‌ಅಥಾರಿಟಿ (XAUTHORITY) ಎರಡೂ ವೇರಿಯಬಲ್ ಸ್ಕ್ರಿಪ್ಟ್ ಒಳಗೇ ಸೆಟ್ ಮಾಡ್ಬೇಕು. ಜಾಸ್ತಿ ಹೊತ್ತು ಓಡಿದ್ರೆ ಯುಡೆವ್ ಅದನ್ನ ಕೊಂದೂ ಬಿಡತ್ತೆ, ಬ್ಯಾಕ್‌ಗ್ರೌಂಡ್‌ಗೆ ತಳ್ಳಿದ್ರೂ ಬಿಡಲ್ಲ. ನನ್ನ ಪ್ರಕಾರ ರೂಲ್‌ನಿಂದ ನೇರವಾಗಿ ಸ್ಕ್ರಿಪ್ಟ್ ಓಡಿಸೋಕೇ ಹೋಗ್ಬಾರ್ದು, ಒಂದು ಸಿಸ್ಟಮ್‌ಡಿ ಸರ್ವಿಸ್ ಬರೆದು, ರೂಲ್‌ನಿಂದ ಅದನ್ನ ಸ್ಟಾರ್ಟ್ ಮಾತ್ರ ಮಾಡಿಸಿ, ಆಗ ಎಡವಟ್ಟಾದ್ರೆ ಜರ್ನಲ್‌ನಲ್ಲಿ ಲಾಗ್ ಆದ್ರೂ ಸಿಗತ್ತೆ.

ಬರೀ ಸ್ಕ್ರೀನ್ ಜೋಡಿಸೋದಷ್ಟೇ ಆದ್ರೆ ಇಷ್ಟೆಲ್ಲಾ ಬೇಕಾಗಿಲ್ಲ. ಎಕ್ಸ್ (ಲಿನಕ್ಸ್‌ನ ಹಳೇ ಡಿಸ್‌ಪ್ಲೇ ವ್ಯವಸ್ಥೆ) ಬಳಸೋರಿಗೆ ಆಟೋರ್ಯಾಂಡ್ಆರ್ ಅನ್ನೋ ಟೂಲ್ ಇದೆ, ಅದು ಮಾನಿಟರ್‌ನ ಇಡಿಐಡಿ (ಮಾನಿಟರ್ ತನ್ನ ಬಗ್ಗೆ ಕಳಿಸೋ ಮಾಹಿತಿ) ನೋಡಿ ಇದು ಆಫೀಸಿಂದು, ಇದು ಮನೇದು ಅಂತ ಗುರುತು ಹಿಡಿದು ಸೇವ್ ಮಾಡಿದ ಪ್ರೊಫೈಲ್ ಹಾಕತ್ತೆ. ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಸ್ವೇ ಅನ್ನೋ ವಿಂಡೋ ಮ್ಯಾನೇಜರ್ ಬಳಸೋರಿಗೆ ಇದೇ ಕೆಲ್ಸಕ್ಕೆ ಕಾನ್ಶಿ ಇದೆ. ಗ್ನೋಮ್, ಕೆಡಿಇ ಡೆಸ್ಕ್‌ಟಾಪ್‌ಗಳು ಎರಡೂ ಸ್ಕ್ರೀನ್ ಸೆಟ್ಟಿಂಗ್ ತಾವೇ ನೆನಪಿಟ್ಕೊಳ್ತವೆ.