ಗಡಿಯಾರದ ಮೇಲೆ ದೂರು

‘ಗಡಿಯಾರದ ಒಗಟಿಗೆ ತಲೆಬುಡವಿಲ್ಲ, ತೆಗೆದುಹಾಕಿ.’ ಆಡಿದ ಒಂಬತ್ತು ಮಂದಿಯಲ್ಲಿ ಆರು ಮಂದಿ ಹೆಚ್ಚುಕಡಿಮೆ ಹೀಗೆಯೇ ಬರೆದಿದ್ದರು. ತಮಾಷೆಯೆಂದರೆ, ಆ ಆಟದಲ್ಲಿ ಗಡಿಯಾರದ ಒಗಟು ಎಂಬುದೇ ಇರಲಿಲ್ಲ.

ಉಡುಪಿಯಲ್ಲಿರುವ ನನ್ನ ತಂಗಿಯ ಮಗಳು ಕಳೆದ ಆಟಿ ತಿಂಗಳ ಮಳೆಗೆ ಮನೆಯೊಳಗೆ ಕುಳಿತು ಕಂಪ್ಯೂಟರಿನಲ್ಲಿ ಆಡುವ ಎಸ್ಕೇಪ್ ರೂಮ್ ಒಂದನ್ನು ಕಟ್ಟಿದಳು: ಒಗಟು ಬಿಡಿಸಿ, ಬೀಗ ತೆರೆದು ಪಾರಾಗುವ ಆಟ. ಹಳೆಯ ಗುತ್ತಿನ ಮನೆ. ಚಾವಡಿಯಲ್ಲೊಂದು ಪತ್ತಾಯ, ಎಂದರೆ ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ, ಅದಕ್ಕೆ ನಾಲ್ಕು ಅಂಕಿಯ ಬೀಗ. ಸುಳಿವು ಇರುವುದು ನೆಲದ ಮೇಲಿಟ್ಟ ಚೆನ್ನೆಮಣೆಯಲ್ಲಿ, ಎಂದರೆ ಗುಳಿಗಳಿಗೆ ಕಾಯಿ ಹಂಚುತ್ತ ಆಡುವ ಮರದ ಮಣೆಯಲ್ಲಿ. ಅದರ 14 ಗುಳಿಗಳ ಪೈಕಿ ಹತ್ತರಲ್ಲಿ ನಿಯಮದಂತೆ ನಾಲ್ಕು ನಾಲ್ಕು ಕಾಯಿ. ಮೇಲಿನ ಸಾಲಿನ ನಾಲ್ಕು ಗುಳಿಗಳಲ್ಲಿ ಮಾತ್ರ 7, 2, 6, 1. ಒಟ್ಟು 56 ಕಾಯಿಯ ಲೆಕ್ಕಕ್ಕೂ ಮೋಸವಿಲ್ಲ. ತಪ್ಪಿದ ಗುಳಿಗಳನ್ನು ಎಡದಿಂದ ಬಲಕ್ಕೆ ಓದಿದರೆ ಬೀಗ ತೆರೆಯುತ್ತದೆ. ಗೋಡೆಯ ಮೇಲೆ 4 ಗಂಟೆ 20 ನಿಮಿಷಕ್ಕೆ ನಿಂತ ಗಡಿಯಾರವೊಂದಿತ್ತು. ಅದು ಬರೀ ಅಲಂಕಾರ.

ದೂರುಗಳನ್ನು ಓದಿದವಳೇ ಗಡಿಯಾರವನ್ನು ಅಳಿಸಲು ಹೊರಟಳು. ನಾನು ಬೇಡವೆಂದೆ. ಆಡಿದವರಿಗೇ ಎಲ್ಲ ಗೊತ್ತು, ಅವರನ್ನೇ ಕೇಳಿದರಾಯಿತು ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯಾಗಿದೆಯೆಂದರೆ, ಅದನ್ನು ಪ್ರಶ್ನಿಸಿದವನೇ ಅಹಂಕಾರಿಯಾಗಿಬಿಡುತ್ತಾನೆ. ಆದರೂ ಪ್ರಶ್ನಿಸಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. ಎಸ್ಕೇಪ್ ರೂಮ್ ಮೊದಲು ಹುಟ್ಟಿದ್ದು ಪರದೆಯ ಮೇಲೆ. 1976ರಲ್ಲಿ ಗುಹೆಗಳಲ್ಲಿ ಅಲೆಯುವ ಹವ್ಯಾಸವಿದ್ದ ಅಮೆರಿಕದ ವಿಲ್ ಕ್ರೌಥರ್ ಅಕ್ಷರಗಳಲ್ಲೇ ಒಂದು ಗುಹೆ ಕಟ್ಟಿದರು. 2004ರಲ್ಲಿ ಜಪಾನಿನ ತೊಶಿಮಿತ್ಸು ತಕಾಗಿ ಬೀಗ ಹಾಕಿದ ಕೋಣೆಯೊಂದನ್ನು ಇಂಟರ್ನೆಟ್ಟಿಗೆ ಬಿಟ್ಟರು. 2007ರಲ್ಲಿ ಕ್ಯೋಟೋದಲ್ಲಿ ತಕಾವೋ ಕಾಟೋ ಅಂಥ ಆಟಕ್ಕೆ ನಿಜವಾದ ಕೋಣೆ, ನಿಜವಾದ ಬೀಗ ಕೊಟ್ಟರು. ಕೋವಿಡ್ ಬಂದದ್ದೇ ಆಟ ಮತ್ತೆ ಪರದೆಗೆ ಮರಳಿತು. ಮರಳುವಾಗ ಎಷ್ಟೋ ಸಲ ದಾರಿಯಲ್ಲಿ ಒಬ್ಬನನ್ನು ಬಿಟ್ಟು ಬಂದಿತು: ಪಕ್ಕದ ಕೋಣೆಯಲ್ಲಿ ಕ್ಯಾಮೆರಾದ ಮುಂದೆ ಕುಳಿತು, ಆಟಗಾರರ ಕೈ ಯಾವ ಡ್ರಾಯರ್ ಮೇಲೆ ತಡೆಯಿತು, ಕಣ್ಣು ಯಾವುದನ್ನು ದಾಟಿ ಹೋಯಿತು ಎಂದು ನೋಡುತ್ತಿದ್ದ ನಿರ್ವಾಹಕನನ್ನು. ಅವನ ಜಾಗಕ್ಕೆ ಬಂದದ್ದು ಒಂದು ಅಭಿಪ್ರಾಯದ ಫಾರಂ.

ಈ ಅದಲುಬದಲಿನಲ್ಲಿ ಕಳೆದುಹೋದದ್ದು ಏನೆಂದು ತಿಳಿಯಲು 1931ರ ಒಂದು ಪ್ರಯೋಗ ಸಾಕು. ಮನೋವಿಜ್ಞಾನಿ ನಾರ್ಮನ್ ಮೈಯರ್ ಕೋಣೆಯ ಮಾಡಿನಿಂದ ಎರಡು ಹಗ್ಗ ಇಳಿಬಿಟ್ಟರು. ತುದಿಗಳನ್ನು ಸೇರಿಸಿ ಗಂಟು ಹಾಕಬೇಕು. ಆದರೆ ಒಂದನ್ನು ಹಿಡಿದು ನಿಂತರೆ ಇನ್ನೊಂದು ಕೈಗೆಟುಕದು. ಕೋಣೆಯಲ್ಲಿದ್ದ ಇಕ್ಕಳವನ್ನು ಒಂದು ಹಗ್ಗಕ್ಕೆ ಕಟ್ಟಿ, ಲೋಲಕದಂತೆ ತೂಗಿಬಿಟ್ಟು, ಅದು ತಾನಾಗಿ ಹತ್ತಿರ ಬಂದಾಗ ಹಿಡಿಯುವುದು ಉಪಾಯ. ಹೊಳೆಯದೆ ಒದ್ದಾಡುತ್ತಿದ್ದವರ ಎದುರು ಮೈಯರ್ ಸುಮ್ಮನೆ ಅತ್ತಿತ್ತ ನಡೆಯುತ್ತ, ಅರಿಯದೆ ತಾಗಿದಂತೆ ಹಗ್ಗವನ್ನು ಅಲುಗಾಡಿಸುತ್ತಿದ್ದರು. ಅನೇಕರಿಗೆ 45 ಸೆಕೆಂಡಿನೊಳಗೆ ಉತ್ತರ ಹೊಳೆಯಿತು. ಹೇಗೆ ಹೊಳೆಯಿತು ಎಂದು ಕೇಳಿದರೆ ಬಹುತೇಕರು ಹಗ್ಗ ಅಲುಗಿದ ಮಾತನ್ನೇ ಎತ್ತಲಿಲ್ಲ. ಮನೋವಿಜ್ಞಾನದ ಪ್ರಾಧ್ಯಾಪಕರೊಬ್ಬರಂತೂ, ಮರದಿಂದ ಮರಕ್ಕೆ ಜೋತಾಡುವ ಮಂಗಗಳು ಕಣ್ಣ ಮುಂದೆ ಬಂದುವೆಂದರು.

ಅವರು ಸುಳ್ಳು ಹೇಳಲಿಲ್ಲ. ನಮ್ಮ ಅರಿವಿಗೆ ಬರುವುದು ಉತ್ತರ ಮಾತ್ರ, ಅದು ತಯಾರಾದ ಬಗೆಯಲ್ಲ. ಹೋಟೆಲಿನಲ್ಲಿ ಅಡುಗೆಮನೆಯ ಕಿಟಕಿಯಿಂದ ಮಸಾಲೆ ದೋಸೆ ಹೊರಗೆ ಬರುತ್ತದೆ. ಹಿಟ್ಟು ಎಷ್ಟು ಹೊತ್ತು ಹುಳಿ ಬಂದಿತ್ತೆಂದು ತಿನ್ನುವವನು ಕಂಡಿಲ್ಲ. ಕೇಳಿದರೆ ಮಾತ್ರ ‘ಕಾವಲಿ ಚೆನ್ನಾಗಿ ಕಾದಿದೆ’ ಎಂದು ಧೈರ್ಯವಾಗಿ ಕಾರಣ ಕೊಡುತ್ತಾನೆ. ಯಕ್ಷಗಾನದಲ್ಲೂ ಅಷ್ಟೇ. ಭಾಗವತರು ಲಯ ಏರಿಸಿ ರಂಗಕ್ಕೆ ಕಾವು ತಂದಿರುತ್ತಾರೆ, ಮರುದಿನ ಎಲ್ಲರ ಬಾಯಲ್ಲೂ ವೇಷಧಾರಿಯ ಹೊಗಳಿಕೆ. ಇನ್ನೂ ಹತ್ತಿರದ ಹೋಲಿಕೆ ಬೇಕೆಂದರೆ ಹೃದಯಾಘಾತ: ಕೆಟ್ಟಿರುವುದು ಹೃದಯ, ನೋಯುವುದು ಎಡತೋಳು. ನೋವು ನಿಜ. ಆದರೆ ತೋಳಿಗೆ ಎಣ್ಣೆ ತಿಕ್ಕಿ ಫಲವಿಲ್ಲ.

ಪ್ರಾಧ್ಯಾಪಕರ ಮಂಗಗಳಿಗೆ ನಗಬಹುದು. ಆದರೆ ನಮ್ಮ ಊರುಗಳಲ್ಲಿ ‘ಮಿಡ್‌ಬ್ರೈನ್ ಆಕ್ಟಿವೇಶನ್’ ಹೆಸರಿನಲ್ಲಿ ಸಾವಿರಗಟ್ಟಲೆ ಶುಲ್ಕ ಕಿತ್ತ ತರಗತಿಗಳು ನಿಂತದ್ದೂ ಬಾಯಿಮಾತಿನ ಮೇಲೆಯೇ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮಗು ಪುಸ್ತಕ ಓದುತ್ತದೆ, ‘ಒಳಗಣ್ಣಿಗೆ ಕಾಣುತ್ತದೆ’ ಎನ್ನುತ್ತದೆ, ತಂದೆತಾಯಿ ಕಣ್ಣೀರು ಹಾಕುತ್ತಾರೆ. ಮೂಗಿನ ಪಕ್ಕದ ಸಂದಿನತ್ತ ಯಾರ ಗಮನವೂ ಹೋಗುವುದಿಲ್ಲ. ಆ ಸಂದು ಮುಚ್ಚಿದರೆ ಓದು ನಿಲ್ಲುತ್ತದೆ. ಮಂಗಳೂರಿನ ನರೇಂದ್ರ ನಾಯಕರಂಥ ವಿಚಾರವಾದಿಗಳು ಇದನ್ನು ಬಯಲಿಗೆಳೆದದ್ದು ಮಗುವಿನ ಮಾತನ್ನು ಕೇಳಿ ಅಲ್ಲ, ಪಟ್ಟಿಯನ್ನು ಪರೀಕ್ಷಿಸಿ.

ನಾವೂ ಪಟ್ಟಿಯನ್ನೇ ನೋಡಿದೆವು. ಹೊಸದಾಗಿ ಐದು ಮಂದಿಯನ್ನು ಕೂರಿಸಿ, ಅವರ ಪರದೆ ನಮಗೂ ಕಾಣುವಂತೆ ಮಾಡಿಕೊಂಡು, ತುಟಿ ಬಿಚ್ಚದೆ ಕುಳಿತೆವು. ಏಕೆ ಎಂದು ಕೇಳಲಿಲ್ಲ. ಮನಸ್ಸಿನಲ್ಲಿ ಓಡುವುದನ್ನು ಓಡಿದ ಹಾಗೆ ಹೇಳುತ್ತಿರಿ ಎಂದೆವು ಅಷ್ಟೇ. ಮನಸ್ಸಿನ ಓಟವನ್ನು ಅಧ್ಯಯನ ಮಾಡಿದ ಎರಿಕ್ಸನ್ ಮತ್ತು ಸೈಮನ್ 1980ರಲ್ಲೇ ತೋರಿಸಿಕೊಟ್ಟಂತೆ, ಆ ಕ್ಷಣದಲ್ಲಿ ತಲೆಯಲ್ಲಿರುವುದನ್ನು ಜನ ಸಾಕಷ್ಟು ನಂಬಿಕೆಗೆ ಯೋಗ್ಯವಾಗಿ ಹೇಳಬಲ್ಲರು. ಕಾರಣ ಕೇಳಿದಾಗಲೇ ಕತೆ ಶುರುವಾಗುವುದು.

ಕಂಡದ್ದು ಇಷ್ಟು. ಎಲ್ಲರೂ ಚೆನ್ನೆಮಣೆಯನ್ನು ತೆರೆದರು, ಕಾಯಿಗಳನ್ನು ನೋಡಿದರು, ‘ಯಾರೋ ಅರ್ಧ ಆಡಿ ಬಿಟ್ಟಿದ್ದಾರೆ’ ಎಂದು ಮುಚ್ಚಿದರು. ಒಂದು ಗುಳಿಗೆ ನಾಲ್ಕು ಎಂಬ ನಿಯಮ ಗೊತ್ತಿಲ್ಲದವರಿಗೆ ಏಳು ಕಾಯಿ ತಪ್ಪಾಗಿ ಕಾಣುವುದಾದರೂ ಹೇಗೆ? ಅಜ್ಜಿಯ ಜೊತೆ ಆಡಿ ಬೆಳೆದ ಹುಡುಗಿಗೆ ಅದು ಕಣ್ಣಿಗೆ ರಾಚುತ್ತಿತ್ತು. ಬೆಂಗಳೂರಿನಲ್ಲಿ ಬೆಳೆದ ಅವಳ ದೊಡ್ಡಪ್ಪನ ಮಕ್ಕಳಿಗೆ ಅದು ಬರೀ ಮಣೆ. ಮಣೆ ಮುಚ್ಚಿದ ಮೇಲೆ ಕೋಣೆಯಲ್ಲಿ ಅಂಕಿ ಹೊಮ್ಮಿಸುವ ವಸ್ತು ಉಳಿದದ್ದು ಗಡಿಯಾರವೊಂದೇ. 0420 ಒತ್ತಿದರು, 1620 ಒತ್ತಿದರು, ಮುಳ್ಳುಗಳ ನಡುವಿನ ಕೋನವನ್ನೂ ಒಬ್ಬ ಪುಣ್ಯಾತ್ಮ ಅಳೆದ. ಸಿಟ್ಟು ಬಂದಾಗ ಕಣ್ಣೆದುರಿಗಿದ್ದುದು ಗಡಿಯಾರ, ಆದ್ದರಿಂದ ತಪ್ಪೂ ಅದರದೇ.

ಚಾವಡಿಗೆ ಬರುವ ಮೊದಲು ಒಂದು ಸಣ್ಣ ಕೆಲಸ ಸೇರಿಸಿದೆವು. ಅಟ್ಟದಲ್ಲಿ ಒಂದು ಖಾಲಿ ಚೆನ್ನೆಮಣೆ, ಪಕ್ಕದಲ್ಲಿ ಕಾಯಿಗಳ ಚೀಲ. ಆಟಗಾರ ತಾನೇ ಗುಳಿಗೆ ನಾಲ್ಕರಂತೆ ತುಂಬಿದರೆ ಏಣಿ ಇಳಿಯುತ್ತದೆ. ವಿವರಣೆಯ ಒಂದು ಅಕ್ಷರವೂ ಇಲ್ಲ. ಮೈಯರ್ ಹಗ್ಗ ತಾಗಿಸಿದಂತೆ, ಅಷ್ಟೇ.

ಮುಂದಿನ ಸುತ್ತಿನಲ್ಲಿ ಆಡಿದ ಏಳೂ ಮಂದಿ ಪತ್ತಾಯ ತೆರೆದರು. ಫಾರಂಗಳಲ್ಲಿ ಅಟ್ಟದ ಮಣೆಯ ಹೆಸರೆತ್ತಿದವರು ಒಬ್ಬರೂ ಇಲ್ಲ. ಮೊದಲ ಸಲ ಸೋತು, ಹಟಕ್ಕೆ ಬಿದ್ದು ಮತ್ತೆ ಆಡಿದ ಒಬ್ಬಾತ ಬರೆದಿದ್ದ: ‘ಗಡಿಯಾರವನ್ನು ಸರಿಪಡಿಸಿದ್ದಕ್ಕೆ ಧನ್ಯವಾದ. ಈಗ ಎಲ್ಲ ಸ್ಪಷ್ಟವಾಗಿದೆ.’

ಗಡಿಯಾರ ಈಗಲೂ 4 ಗಂಟೆ 20 ನಿಮಿಷದಲ್ಲೇ ನಿಂತಿದೆ.