ಕೇಸ್ ಇದೆ ಅಂತ ವಿಮಾನ ನಿಲ್ದಾಣದಲ್ಲಿ ತಡೆದರೆ ಕೋರ್ಟಿಗೆ ಹೋಗಬಹುದಾ?

ಓದುಗರ ಪ್ರಶ್ನೆ: ಅಣ್ಣ ನಿರ್ದೇಶಕನಾಗಿದ್ದ ಕಂಪನಿಯ ಮೇಲೆ ವಂಚನೆ ಕೇಸ್ ಇದೆ. ಕರೆದಾಗಲೆಲ್ಲ ವಿಚಾರಣೆಗೆ ಹೋಗಿದ್ದಾನೆ. ಚಾರ್ಜ್‌ಶೀಟ್ ಇನ್ನೂ ಆಗಿಲ್ಲ. ಆದರೂ ವಿಮಾನ ನಿಲ್ದಾಣದಿಂದ ವಾಪಸ್ ಕಳಿಸಿದರು. ಇದನ್ನು ಪ್ರಶ್ನಿಸಬಹುದಾ?

ಖಂಡಿತ ಪ್ರಶ್ನಿಸಬಹುದು. ವಿದೇಶಕ್ಕೆ ಹೋಗಿಬರುವುದು ಸರ್ಕಾರ ದಯೆ ತೋರಿ ಕೊಡುವ ಸವಲತ್ತಲ್ಲ. ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅದೂ ಸೇರಿದೆ ಅಂತ ಸುಪ್ರೀಂ ಕೋರ್ಟ್ 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಹೇಳಿತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ಈ ಹಕ್ಕನ್ನು ತಡೆಯಲು ಒಂದು ಕಾನೂನು ಬೇಕು, ತಡೆಯುವ ರೀತಿಯೂ ನ್ಯಾಯವಾಗಿರಬೇಕು.

ತಡೆದವರು ಯಾರು ಅನ್ನೋದನ್ನು ಮೊದಲು ಪತ್ತೆ ಮಾಡಿ. ಇಮಿಗ್ರೇಶನ್ ಕೌಂಟರ್‌ನಲ್ಲಿ ಪಾಸ್‌ಪೋರ್ಟ್ ಸ್ಕ್ಯಾನ್ ಆಗುತ್ತದೆ, ಅಧಿಕಾರಿ ಪರದೆ ನೋಡುತ್ತಾ ಒಂದು ಕ್ಷಣ ಸುಮ್ಮನಾಗುತ್ತಾರೆ, ಆಮೇಲೆ ‘ಸ್ವಲ್ಪ ಪಕ್ಕಕ್ಕೆ ಬನ್ನಿ’ ಅನ್ನುತ್ತಾರೆ. ಬಹಳಷ್ಟು ಜನಕ್ಕೆ ತಮ್ಮ ಹೆಸರಲ್ಲಿ ಲುಕ್‌ಔಟ್ ಸರ್ಕ್ಯುಲರ್ (ಈ ವ್ಯಕ್ತಿ ದೇಶ ಬಿಡಲು ಬಂದರೆ ತಡೆಯಿರಿ ಅಥವಾ ತಿಳಿಸಿ ಅನ್ನುವ ಸೂಚನೆ) ಇದೆ ಅಂತ ಗೊತ್ತಾಗುವುದೇ ಆಗ. ಆದರೆ ಆ ಅಧಿಕಾರಿ ಬರೀ ಬಾಗಿಲು ಕಾಯುವವರು. ಸರ್ಕ್ಯುಲರ್ ಹೊರಡಿಸಿ ಅಂತ ಕೇಳಿದ್ದು ಸಿಬಿಐ, ಇಡಿ, ಪೊಲೀಸ್ ಇಂಥ ಯಾವುದೋ ಸಂಸ್ಥೆ. ನಿಮ್ಮ ಜಗಳ ಅವರ ಜೊತೆ.

ಲುಕ್‌ಔಟ್ ಸರ್ಕ್ಯುಲರ್ ನಡೆಯುವುದು ಕೇಂದ್ರ ಗೃಹ ಸಚಿವಾಲಯದ ಮಾರ್ಗಸೂಚಿಗಳ ಮೇಲೆ. ಅದಕ್ಕೇ ಅಂತ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆ ಇಲ್ಲ. ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ (ಹಕ್ಕಿಗೆ ಧಕ್ಕೆ ಆಗಿದೆ ಅಂತ ಸರ್ಕಾರದ ಕ್ರಮ ಪ್ರಶ್ನಿಸುವ ಅರ್ಜಿ) ಹಾಕುವವರ ವಾದ ಶುರುವಾಗುವುದೇ ಇಲ್ಲಿಂದ. 2010ರಲ್ಲಿ ದೆಹಲಿ ಹೈಕೋರ್ಟ್ ಸುಮೇರ್ ಸಿಂಗ್ ಸಲ್ಕಾನ್ ಪ್ರಕರಣದಲ್ಲಿ ಒಂದು ಅಳತೆಗೋಲು ಕೊಟ್ಟಿತು. ಅದು ಹಣಕಾಸಿನ ಕೇಸ್ ಅಲ್ಲ, ಆದರೂ ವಕೀಲರು ಇವತ್ತಿಗೂ ಅದನ್ನೇ ಮುಂದಿಡುತ್ತಾರೆ: ಆರೋಪಿ ಬೇಕಂತಲೇ ಬಂಧನ ತಪ್ಪಿಸಿಕೊಳ್ಳುತ್ತಿದ್ದಾನಾ? ಕೋರ್ಟಿಗೆ ಬರದೆ ಓಡಾಡುತ್ತಿದ್ದಾನಾ? ನಿಮ್ಮ ಅಣ್ಣನ ಬಲ ಇರುವುದು ಇಲ್ಲೇ. ಹಾಜರಾದ ಪ್ರತಿ ಸಮನ್ಸ್, ದಾಖಲೆ ಕೊಟ್ಟಿದ್ದಕ್ಕೆ ಸಿಕ್ಕ ಪ್ರತಿ ಸ್ವೀಕೃತಿ ಜೋಪಾನವಾಗಿರಲಿ.

ಆದರೆ ಸಂಸ್ಥೆಗಳ ಕೈಯಲ್ಲಿ ಇನ್ನೊಂದು ಅಸ್ತ್ರ ಇದೆ. ಈ ವ್ಯಕ್ತಿ ಹೊರಗೆ ಹೋದರೆ ‘ದೇಶದ ಆರ್ಥಿಕ ಹಿತಾಸಕ್ತಿ’ಗೆ ಧಕ್ಕೆ ಅಂತ ಹೇಳಿಯೂ ತಡೆಯಬಹುದು. ಅವರ ಭಯ ಸುಮ್ನೆ ಹುಟ್ಟಿದ್ದಲ್ಲ. ವಿಜಯ್ ಮಲ್ಯ ವಿರುದ್ಧದ ಲುಕ್‌ಔಟ್ ಸರ್ಕ್ಯುಲರ್‌ನಲ್ಲಿ ಮೊದಲು ‘ತಡೆಯಿರಿ’ ಅಂತಿತ್ತು. 2015ರ ನವೆಂಬರ್‌ನಲ್ಲಿ ಅದು ‘ಮಾಹಿತಿ ಕೊಡಿ’ ಅಂತಾಯಿತು. 2016ರ ಮಾರ್ಚ್ 2ರಂದು ಅವರು ದೇಶ ಬಿಟ್ಟರು. ಅದಾದ ಮೇಲೆ ಹಗ್ಗ ಬಿಗಿಯಾಯಿತು. 2018ರಲ್ಲಿ ಸರ್ಕಾರಿ ಬ್ಯಾಂಕುಗಳ ಮುಖ್ಯಸ್ಥರಿಗೂ ಸರ್ಕ್ಯುಲರ್ ಕೇಳುವ ಅಧಿಕಾರ ಸಿಕ್ಕಿತು. ಸಾಲಕ್ಕೆ ಜಾಮೀನು ಹಾಕಿದವರೂ ಸಿಕ್ಕಿಹಾಕಿಕೊಂಡರು. ಸಾಲ ಕೊಟ್ಟವನೇ ತೀರ್ಪೂ ಕೊಟ್ಟ ಹಾಗಾಯ್ತು ಅಲ್ವಾ? 2024ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟ್ ಬ್ಯಾಂಕುಗಳ ಈ ಅಧಿಕಾರವನ್ನು ರದ್ದು ಮಾಡಿತು. ನನ್ನ ಪ್ರಕಾರ ಅದು ಸರಿಯಾದ ತೀರ್ಪು. ಆದರೆ ಕ್ರಿಮಿನಲ್ ಕೋರ್ಟ್ ಅಥವಾ ಸಾಲ ವಸೂಲಾತಿ ನ್ಯಾಯಮಂಡಳಿಯ ಆದೇಶ ಇದ್ದರೆ ಈ ತೀರ್ಪು ಕಾಪಾಡಲ್ಲ.

ಪಾಸ್‌ಪೋರ್ಟನ್ನೇ ಕಿತ್ತುಕೊಂಡಿದ್ದರೆ ಲೆಕ್ಕ ಬೇರೆ. ಪೊಲೀಸರು ತಾತ್ಕಾಲಿಕವಾಗಿ ವಶಕ್ಕೆ ಪಡೆಯಬಹುದು (ಜಪ್ತಿ), ಆದರೆ ಮುಟ್ಟುಗೋಲು ಹಾಕಿ ಇಟ್ಟುಕೊಳ್ಳುವ ಅಧಿಕಾರ 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ ಅಂತ 2008ರಲ್ಲಿ ಸುರೇಶ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಜಾಮೀನಿನ ಷರತ್ತಿನಂತೆ ಒಪ್ಪಿಸಿದ್ದರೆ, ಆ ಷರತ್ತು ಹಾಕಿದ ಕೋರ್ಟಿಗೇ ಅರ್ಜಿ ಹಾಕಬೇಕು.

ಸರ್ಕ್ಯುಲರ್ ಪೂರ್ತಿ ರದ್ದಾಗಲು ಸಮಯ ಹಿಡಿಯುತ್ತದೆ. ಈ ಪ್ರವಾಸಕ್ಕೆ ಮಾತ್ರ ಅನುಮತಿ ಕೊಡಿ ಅಂತ ಕೇಳಿದರೆ ಬೇಗ ಸಿಗುವ ಸಾಧ್ಯತೆ ಜಾಸ್ತಿ. ಹೋಗುವ ಕಾರಣ, ಉಳಿಯುವ ವಿಳಾಸ, ವಾಪಸ್ ಬರುವ ಟಿಕೆಟ್ ಎಲ್ಲ ಅರ್ಜಿಯಲ್ಲಿರಲಿ. ಕೋರ್ಟ್ ಠೇವಣಿ ಕೇಳಬಹುದು. 2019ರಲ್ಲಿ ಮಾಜಿ ಹಣಕಾಸು ಸಚಿವ ಪಿ. ಚಿದಂಬರಂ ಅವರ ಮಗ ಕಾರ್ತಿ ಚಿದಂಬರಂ ಅವರಿಗೆ ವಿದೇಶಕ್ಕೆ ಹೋಗಲು ಬಿಡುವಾಗ ಸುಪ್ರೀಂ ಕೋರ್ಟ್ 10 ಕೋಟಿ ರೂಪಾಯಿ ಠೇವಣಿ ಇಡಬೇಕು ಅಂದಿತ್ತು. ಎಲ್ಲರಿಗೂ ಅಷ್ಟು ದೊಡ್ಡ ಮೊತ್ತ ಇರಲ್ಲ. ವಿಮಾನ ಹತ್ತುವ ಹಿಂದಿನ ದಿನ ಅರ್ಜಿ ಹಾಕಬೇಡಿ, ಎದುರು ಪಕ್ಷಕ್ಕೆ ಉತ್ತರ ಕೊಡಲು ಕೋರ್ಟ್ ದಿನ ಕೊಡಲೇಬೇಕಾಗುತ್ತದೆ.

ಇನ್ನೊಂದು ಮಾತು. 2021ರ ಮಾರ್ಗಸೂಚಿ ಪ್ರಕಾರ, ಸರ್ಕ್ಯುಲರ್ ಕೇಳಿದ ಸಂಸ್ಥೆಯೇ ತೆಗೆಯಿರಿ ಅಂತ ಹೇಳುವವರೆಗೆ ಅದು ಜಾರಿಯಲ್ಲಿರುತ್ತದೆ. ಕೋರ್ಟ್ ಆದೇಶ ಸಿಕ್ಕ ದಿನವೇ ಅದರ ಪ್ರತಿಯನ್ನು ಆ ಸಂಸ್ಥೆಗೂ ಇಮಿಗ್ರೇಶನ್ ಬ್ಯೂರೋಗೂ ಕಳಿಸಿ. ದೃಢೀಕೃತ ಪ್ರತಿ ಒಂದನ್ನು ಅಣ್ಣ ಪಾಸ್‌ಪೋರ್ಟ್ ಜೊತೆ ಕೈಯಲ್ಲೇ ಇಟ್ಟುಕೊಳ್ಳಲಿ, ಚೆಕ್-ಇನ್ ಬ್ಯಾಗಿಗೆ ಹಾಕುವುದು ಬೇಡ.